ಬಾಗಿಲುಗಳ ದಸ್ತಗಿರಿ

ಒಂದಾನೊಂದು ಊರಿನಲ್ಲಿ ಊರಿಗಿಂತ ದೊಡ್ಡ ಭಯವಿದ್ದ ರಾಜನೊಬ್ಬನಿದ್ದ, ಕೇಳ್ರಪ್ಪಾ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಅವನಿಗೆ ಪೊಲೀಸ್ ಸುದ್ದಿ ಬೇಕು. ಓದಿ ಹೇಳುವವನು ದಫೇದಾರ ಯಂಕೋಬ.

"ಪೇಟೆ ಓಣಿಯಲ್ಲಿ ಕಳವು, ಪ್ರಭು."

"ಕಳ್ಳ ಹೇಗೆ ಒಳಹೊಕ್ಕ?"

"ಬಾಗಿಲಿನಿಂದ."

ಮರುದಿನ ಕುಂಬಾರ ಓಣಿ. ಅಲ್ಲೂ ಬಾಗಿಲಿನಿಂದ. ಮೂರನೇ ದಿನ ಗಾಣಿಗರ ಓಣಿ. ಅಲ್ಲೂ ಬಾಗಿಲೇ.

ರಾಜ ಹಾಸಿಗೆಯಿಂದ ಧಡಕ್ಕನೆ ಎದ್ದ. "ಕಳ್ಳರು ಬೇರೆ ಬೇರೆ. ಬಾಗಿಲು ಮಾತ್ರ ಎಲ್ಲಾ ಕಡೆ ಇದೆ! ಹಿಡಿದು ತಾ!"

ಸುರಕ್ಷತಾ ಸಪ್ತಾಹ ಅಂತ ಡಂಗುರ ಸಾರಿದರು. ಯಂಕೋಬ ಎತ್ತಿನ ಗಾಡಿ ಕಟ್ಟಿದ. ಏಳು ದಿನದಲ್ಲಿ ಊರಿನ ಬಾಗಿಲುಗಳೆಲ್ಲ ಠಾಣೆಯ ಅಂಗಳಕ್ಕೆ ಬಂದವು. ಒಂದೊಂದನ್ನೂ ನಿಲ್ಲಿಸಿ ಹೇಳಿಕೆ ಬರೆದುಕೊಂಡ.

"ನಾ ತೆರೀಲಿಲ್ರೀ, ಅವರೇ ದಬ್ಬಿದ್ರು," ಅಂತು ಒಂದು.

"ನನ್ನ ಚಿಲಕಾನ ಕೇಳ್ರಿ," ಅಂತು ಇನ್ನೊಂದು. ಚಿಲಕ ಬಾಯಿ ಬಿಡಲಿಲ್ಲ.

ಉಳಿದದ್ದು ಠಾಣೆಯ ಬಾಗಿಲು. ಕಾನೂನು ಎಲ್ಲರಿಗೂ ಒಂದೇ. ಅದನ್ನೂ ಕಿತ್ತು ನಿಲ್ಲಿಸಿದ.

"ನೀನೂ ಕಳ್ಳರನ್ನ ಒಳಗ ಬಿಟ್ಟೀಯೇನು?"

"ಬಿಟ್ಟೀನ್ರಿ, ನೀವೇ ಕರ್ಕೊಂಡು ಬರ್ತಿದ್ರಲ್ಲ. ನನ್ನ ತಪ್ಪು ಬ್ಯಾರೆ ಐತಿ. ಹೂ ಮಾರೋ ತಿಪ್ಪವ್ವ ಏಳು ಸಲ ಬಂದ್ಲು. ನನ್ನ ಮುಂದ ನಿಂತ್ಲು. ಸೆರಗು ಸರಿ ಮಾಡ್ಕೊಂಡ್ಲು. ಹಂಗೇ ಹೋದ್ಲು."

"ಯಾಕ?"

"ನನ್ನ ನೋಡಿದ್ರ ಆಕೀಗೆ ಅಂಜಿಕಿ."

ಯಂಕೋಬನ ಲೇಖನಿ ನಿಂತಿತು. ಇಪ್ಪತ್ತು ವರ್ಷ ಆ ಬಾಗಿಲ ಒಳಗೇ ಕೂತವನು. ಹೊರಗೆ ನಿಂತವರಿಗೆ ಅದು ಹೇಗೆ ಕಾಣುತ್ತದೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಇತ್ತ ಊರಲ್ಲಿ ದೊಡ್ಡ ಪೇಚು. ಬಾಗಿಲಿಲ್ಲದ ಮನೆಗೆ ಹೋಗುವುದು ಹೇಗೆ, ಬರುವುದು ಹೇಗೆ? ತೆರೆಯಲು ಬಾಗಿಲೇ ಇಲ್ಲದೆ ಬರೀ ಚೌಕಟ್ಟು ದಾಟುವುದು ಯಾರಿಗೂ ಗೊತ್ತಿಲ್ಲ. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಕಳ್ಳರೂ ಬೀದಿಯಲ್ಲೇ ಕೂತು ಆಕಳಿಸಿದರು.

ಅರಮನೆಯೊಳಗಿಂದ ರಾಜ ಕೂಗಿದ, "ನಾನು ಹೊರಗೆ ಬರಬೇಕು!"

"ಬಾಗಿಲಿಲ್ಲ, ಪ್ರಭು!"

"ಹಾಗಾದರೆ ಬಾಗಿಲುಗಳನ್ನು ಜಾಮೀನಿನ ಮೇಲೆ ಬಿಡು!"

ತನ್ನ ಬಾಗಿಲಿಗೆ ತಾನೇ ಜಾಮೀನು ಕೊಡುವ ಹಾಗಿಲ್ಲ. ಪಕ್ಕದ ಮನೆಯವರೇ ಬರಬೇಕು. ಬೀದಿಯಲ್ಲಿ ನಿಂತು ನಿಂತು ಹೊರಗುಳಿದವರ ಕಾಲು ಸೋತಿದ್ದವು. ವರ್ಷಗಟ್ಟಲೆ ಮಾತು ಬಿಟ್ಟವರೂ ಬಂದು ಒಬ್ಬರ ಬಾಗಿಲಿಗೆ ಇನ್ನೊಬ್ಬರು ಹೆಬ್ಬೆಟ್ಟು ಒತ್ತಿದರು. ಒತ್ತಿದ ಮೇಲೆ ಆ ಬಾಗಿಲ ಮೇಲೆ ಕಣ್ಣಿಡಲೇಬೇಕಲ್ಲ! ಕಳ್ಳರಿಗೆ ಕೆಲಸವೇ ಇಲ್ಲದಾಯಿತು.

ಠಾಣೆಯ ಬಾಗಿಲಿಗೆ ಮಾತ್ರ ಯಾರೂ ಬರಲಿಲ್ಲ.

"ನನಗ ಯಾರೂ ಇಲ್ಲೇನ್ರಿ?" ಅಂತು ಅದು.

ಯಂಕೋಬನಿಗೆ ಅವಮಾನವಾಯಿತು. ಠಾಣೆ ತನ್ನ ಮನೆಯಲ್ಲ, ತಾನೇ ರುಜು ಹಾಕಬಹುದಿತ್ತು. ಲೇಖನಿ ತೆಗೆದ, ತಿಪ್ಪವ್ವನ ನೆನಪಾಗಿ ಮತ್ತೆ ಕಿವಿಗೆ ಸಿಕ್ಕಿಸಿಕೊಂಡ. "ಸ್ವಲ್ಪ ದಿನ ಗೋಡೆಗೆ ಒರಗಿಕೋ," ಅಂದ.

ಮರುದಿನ ಮಧ್ಯಾಹ್ನ ತಿಪ್ಪವ್ವ ಬಂದಳು. ಠಾಣೆ ಯಾರ ಮನೆಯೂ ಅಲ್ಲ, ಬಾಗಿಲಿಲ್ಲದಿದ್ದರೂ ನಡೆಯುತ್ತದೆ. ಎಲ್ಲಿ ನಿಲ್ಲಬೇಕು ಅಂತ ತಿಳಿಯದೆ ನಡೆದು ನಡೆದು ಮೇಜಿನ ತನಕ ಬಂದುಬಿಟ್ಟಿದ್ದಳು.

"ಅಯ್ಯ ಶಿವನ, ಒಳಗ ಬಂದ್ನೇನ್ರಿ ನಾ?"

"ಬಂದೀಯವ್ವಾ. ಕುಂದ್ರು."

ಕೂತಳು. ಹೂಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡಳು. "ಅಳಿಯ ನನ್ನ ಮಗಳನ್ನ ಹೊಡೀತಾನ್ರೀ ಸಾಹೇಬ್ರ. ದಿನಾ."

ಯಂಕೋಬ ಏನೂ ಬರೆಯಲಿಲ್ಲ. ಟೋಪಿ ಎತ್ತಿಕೊಂಡ. "ನಡಿಯವ್ವಾ, ಹೋಗೂಣು."

ಸಂಜೆಗೆ ಮಗಳು ಬಟ್ಟೆಗಂಟಿನ ಜೊತೆ ತವರಿಗೆ ಬಂದಳು. ಅಳಿಯ ಠಾಣೆಯಲ್ಲಿ ಕೂತ. ಬಾಗಿಲಿಲ್ಲ, ಓಡೋಣ ಅಂತ ಎದ್ದ. ಎದುರಿಗೆ ಇಡೀ ಓಣಿಯೇ ನಿಂತಿತ್ತು. ಮತ್ತೆ ಕೂತ.

ಇಷ್ಟು ಕತೆ. ನೀತಿ ಬೇಕಾದವರು ಮನೆಗೆ ಹೋಗಿ ನಿಮ್ಮ ನಿಮ್ಮ ಬಾಗಿಲನ್ನೇ ಕೇಳಿ. ಜಾಮೀನಿನ ಮೇಲಿರುವಂಥದು, ಸುಳ್ಳು ಹೇಳುವುದಿಲ್ಲ.