ಮೂರನೇ ತಿರುವಿನ ಕೂಗು

ಬೆಟ್ಟದ ಮೇಲಿನ ಆಶ್ರಮದಲ್ಲಿ ಪಂಚಾಕ್ಷರಿ ಎಂಬ ಶಿಷ್ಯನಿದ್ದ. ದಿನಾ ಬೆಳಗ್ಗೆ ಕೆಳಗಿನ ಹಳ್ಳಿಯಿಂದ ಹಾಲು ತರುವುದು ಅವನ ಕೆಲಸ. ಊರು ಬಿಟ್ಟು ಬರುವಾಗ ಅವನು ತಂದಿದ್ದು ಒಂದೇ ವಸ್ತು, ಬೆಟ್ಟ ಹತ್ತುವ ದಪ್ಪ ಟೈರಿನ ಗೇರ್ ಸೈಕಲ್.

ಅದರ ಡಿಸ್ಕ್ ಬ್ರೇಕ್ ಕಿರುಚುತ್ತಿತ್ತು. ಇಳಿಜಾರಿನಲ್ಲಿ ಹಿಡಿದಾಗಲೆಲ್ಲ ದೂರದಲ್ಲಿ ಯಾರೋ ಹೆಂಗಸು ಕೂಗಿಕೊಂಡ ಹಾಗೆ ಕೇಳುತ್ತಿತ್ತು. ಧ್ಯಾನಕ್ಕೆ ಕುಳಿತವರು ಬೆಚ್ಚಿ ಕಣ್ಣು ಬಿಡುತ್ತಿದ್ದರು.

ಅವನಿಗೆ ನಾಚಿಕೆಯಾಯಿತು. ಗುರುಗಳ ಬಳಿ ಹೋಗಿ, ಈ ಸದ್ದು ನಿಲ್ಲಿಸಲು ಏನು ಮಾಡಲಿ ಎಂದು ಕೇಳಿದ.

“ಯಾಕೆ ಕೂಗುತ್ತಿದೆ ಅಂತ ನೋಡಿದೆಯಾ?” ಎಂದರು ಗುರುಗಳು.

ನೋಡಿರಲಿಲ್ಲ. ನೋಡುವಷ್ಟು ತಾಳ್ಮೆಯೂ ಇರಲಿಲ್ಲ. ಸಂಜೆ ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ತಂದು ಎರಡೂ ಡಿಸ್ಕಿಗೆ ಸವರಿದ. ಚಕ್ರ ತಿರುಗಿಸಿ ಬ್ರೇಕ್ ಹಿಡಿದ. ಸದ್ದಿಲ್ಲ.

ಬೆಳಗ್ಗೆ ಬೆಟ್ಟಕ್ಕೆ ಮಂಜು ಮುಸುಕಿತ್ತು. ಹತ್ತು ಮಾರು ಆಚೆಗೆ ಏನೂ ಕಾಣದು.

ಮೊದಲ ತಿರುವಿನಲ್ಲಿ ಬ್ರೇಕ್ ಹಿಡಿದ. ಸೈಕಲ್ ನಿಧಾನವಾಗಲಿಲ್ಲ. ಎರಡನೆಯದರಲ್ಲಿ ಬೆರಳು ನೋಯುವಷ್ಟು ಬಿಗಿಯಾಗಿ ಹಿಡಿದ. ಚಕ್ರ ಒಂದಿಷ್ಟೂ ಸದ್ದಿಲ್ಲದೆ ಇನ್ನೂ ಜೋರಾಗಿ ಓಡಿತು.

ಮೂರನೇ ತಿರುವು ಹತ್ತಿರ ಬಂತು. ಆಗ ಮುಂದಿನ ಮಂಜಿನೊಳಗಿಂದ ಕೂಗು ಕೇಳಿತು. ಅವನ ಬ್ರೇಕಿನದೇ ಕೂಗು. ಅದೇ ದನಿ, ಕೊನೆಯಲ್ಲಿ ಒಡೆಯುವ ಅದೇ ರೀತಿ.

ಯಾರೋ ಮುಂದೆ ಸೈಕಲ್‌ನಲ್ಲಿ ಹೋಗುತ್ತಿದ್ದಾರೆ ಎಂದುಕೊಂಡು ಹ್ಯಾಂಡಲ್ ತಿರುಗಿಸಿ ಬೆಟ್ಟದ ಕಡೆಯ ದಿಬ್ಬಕ್ಕೆ ಗುದ್ದಿ ಬಿದ್ದ.

ಎದ್ದು ಕುಂಟುತ್ತ ತಿರುವು ದಾಟಿದ. ಐದು ಹೆಜ್ಜೆ ಆಚೆ, ರಸ್ತೆಯ ಅಂಚಿಗೆ ಒತ್ತಿಕೊಂಡು ಇಬ್ಬರು ನಿಂತಿದ್ದರು. ಹುಲ್ಲಿನ ಹೊರೆ ಹೊತ್ತ ಸಣ್ಣತಾಯಮ್ಮ, ಅವಳ ತೋಳು ಹಿಡಿದ ಕಣ್ಣು ಕಾಣದ ಗಂಡ ಮಾದಯ್ಯ. ರಸ್ತೆಯ ನಡುವೆ ಬರುತ್ತಿದ್ದರಂತೆ. ಅವಳಿಗೆ ಏನೂ ಕಾಣಲಿಲ್ಲವಂತೆ. ಗಂಡನೇ ಸದ್ದು ಕೇಳಿ ಪಕ್ಕಕ್ಕೆ ಎಳೆದನಂತೆ.

“ದಿನಾ ಒಂದೇ ಸೈಕಲ್ ಬರೋದು,” ಎಂದ ಮಾದಯ್ಯ. “ಇವತ್ತು ಮುಂದ್ಗಡೆ ಹೋದೋರು ಯಾರು ಸ್ವಾಮಿ?”

ಪಂಚಾಕ್ಷರಿ ರಸ್ತೆಯನ್ನು ನೋಡಿದ. ಇಬ್ಬನಿಗೆ ನೆನೆದ ಮಣ್ಣಿನ ಮೇಲೆ ಇಬ್ಬರ ಹೆಜ್ಜೆಗಳಿದ್ದವು. ಟೈರಿನ ಗುರುತು ಒಂದೂ ಇರಲಿಲ್ಲ.

ಸೈಕಲ್ ತಳ್ಳಿಕೊಂಡು ಬೆಟ್ಟ ಹತ್ತಿದ. ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡಲಿಲ್ಲ.

ಅಂಗಳದಲ್ಲಿ ಗುರುಗಳು ಬಿಸಿನೀರು, ಸೋಪು, ಸ್ಪ್ಯಾನರ್ ಇಟ್ಟುಕೊಂಡು ಆಗಲೇ ಕುಳಿತಿದ್ದರು. ಅವನು ಎಣ್ಣೆ ಹಚ್ಚಿದ್ದನ್ನೂ ಬಿದ್ದದ್ದನ್ನೂ ಹೇಳಿದ. ಮಂಜಿನೊಳಗಿನ ಕೂಗಿನ ವಿಷಯ ಹೇಗೆ ಹೇಳುವುದೆಂದು ತಡವರಿಸಿದ.

“ನನಗೂ ಕೇಳಿಸಿತು,” ಎಂದರು ಗುರುಗಳು.

ಇಬ್ಬರೂ ಚಕ್ರ ಬಿಚ್ಚಿದರು. ಡಿಸ್ಕಿನ ಜಿಡ್ಡು ಹೋಗುವ ತನಕ ತೊಳೆದು ಒಣಬಟ್ಟೆಯಲ್ಲಿ ಒರೆಸಿದರು. ಅದಕ್ಕೆ ಬೆರಳು ತಾಗಿಸಬೇಡ ಎಂದರು ಗುರುಗಳು. ಡಿಸ್ಕನ್ನು ಒತ್ತಿ ಹಿಡಿಯುವ ಒಳಗಿನ ಪ್ಯಾಡ್‌ಗಳು ಎಣ್ಣೆ ಕುಡಿದಿದ್ದವು. ಅವನ್ನು ಎಸೆದು, ಸೈಕಲ್ಲಿನ ಚೀಲದಲ್ಲಿದ್ದ ಹೊಸವನ್ನು ಹಾಕಿದರು. ಚಕ್ರ ಜೋಡಿಸಿದ ಮೇಲೆ ಗುರುಗಳು ಬ್ರೇಕಿನ ಎರಡು ಸ್ಕ್ರೂ ಸಡಿಲಿಸಿ, ಬ್ರೇಕಿನ ಹಿಡಿ ಒತ್ತಿಕೊಂಡೇ ಮತ್ತೆ ಬಿಗಿ ಮಾಡಿಸಿದರು.

ಇಷ್ಟು ದಿನ ಬ್ರೇಕ್ ಓರೆಯಾಗಿ ಉಜ್ಜುತ್ತಿತ್ತು, ಅದಕ್ಕೇ ಕೂಗುತ್ತಿತ್ತು. ನೋಡಿದ್ದರೆ ಮೊದಲ ದಿನವೇ ಕಾಣುತ್ತಿತ್ತು.

ಅಂಗಳದಲ್ಲೇ ಮೂವತ್ತು ಸಲ ಓಡಿಸಿ, ಮೆಲ್ಲಗೆ ಬ್ರೇಕ್ ಹಿಡಿದು ಹಿಡಿದು ಬಿಟ್ಟ. ಕೊನೆಗೆ ಗಟ್ಟಿಯಾಗಿ ಹಿಡಿಯಿತು. ಸೈಕಲ್ ನಿಂತಲ್ಲೇ ನಿಂತಿತು. ಸದ್ದಿಲ್ಲ.

ಪಂಚಾಕ್ಷರಿಗೆ ಸಂತೋಷವಾಗಲಿಲ್ಲ.

“ಬುದ್ಧಿ, ಇವತ್ತು ಕೂಗಿದ್ದು ಯಾರು?”

ಗುರುಗಳು ಕೈ ಒರೆಸಿಕೊಳ್ಳುತ್ತ ಇಳಿಜಾರಿನ ಕಡೆ ನೋಡಿದರು. ಮಂಜು ಇನ್ನೂ ಕರಗಿರಲಿಲ್ಲ.

“ನಾಳೆ ಆ ತಿರುವಿನಲ್ಲಿ ಮಾದಯ್ಯನಿಗೆ ಏನು ಕೇಳಿಸುತ್ತೆ ಬುದ್ಧಿ?”

“ಪಾಪ, ಇವತ್ತು ಕೂಗಿದವರು ಎಷ್ಟು ದಿನ ಅಂತ ಕೂಗುತ್ತಾರೆ?” ಎಂದರು ಗುರುಗಳು. “ನಾಳೆಯಿಂದ ನೀನೇ ಕೂಗು.”