ನಾಲ್ಕರಲ್ಲಿ ಒಂದು ಬುಟ್ಟಿ

ಡಂಗುರ ಸಾರಿದರು. “ಅರಮನೆಯ ಅಮ್ಮಣ್ಣಿಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವನಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವನ ತಲೆ ಹೋಗುತ್ತದೆ.”

ಮಾಳಿಂಗ ತಿಪ್ಪೆಯಲ್ಲಿ ಒಡೆದ ಬಳೆ, ಸೀಸೆ ಆಯುತ್ತಿದ್ದ. ಗಾಜಿನ ಕುಲುಮೆಗೆ ಮಾರಿ ಬದುಕುವವನು. ಚೀಲ ಹೆಗಲಿಗೇರಿಸಿ ಅರಮನೆಗೆ ಹೊರಟ. ಅರಮನೆಯ ಸೇತುವೆಗೆಂದು ಗಾಡಿಗಳು ಅವನೂರಿನ ಹೊಳೆಯ ಮರಳನ್ನು ಬಂಡೆ ಕಾಣುವ ತನಕ ಬಳಿದಿದ್ದವು. ಬಾವಿ ಬತ್ತಿತ್ತು. ಅವನ ಅವ್ವ ಕೆಸರು ಸೋಸಿ ಕುಡಿಯುತ್ತಿದ್ದಳು. ಗಾಡಿ ನಿಲ್ಲಿಸಿ ಎಂದು ಕೇಳಲು ಬೇರೆ ದಾರಿ ಇರಲಿಲ್ಲ.

ಅವನಿಗಿಂತ ಮೊದಲು ಇಬ್ಬರು ನಿಂತಿದ್ದರು. ಒಬ್ಬ ನೆರೆರಾಜ್ಯದ ದೊರೆಮಗ, ಇನ್ನೊಬ್ಬ ಗಾರೆ ಕೆಲಸದ ಗುತ್ತಿಗೆದಾರ.

ಅಮ್ಮಣ್ಣಿಯ ಕಣ್ಣು ನಿದ್ದೆಗೆಟ್ಟಿತ್ತು. “ಹೊಳೆ ಅದನ್ನು ಹಾಸಿಕೊಂಡು ಮಲಗುತ್ತದೆ. ಹಾಸಿಗೆ ಎತ್ತಿದರೆ ಹೊಳೆ ಸಾಯುತ್ತದೆ, ಎತ್ತಿದವನ ಮನೆ ಏಳುತ್ತದೆ. ಏನದು?”

“ಪಾಚಿ,” ಎಂದ ದೊರೆಮಗ.

ತಳವಾರ ಅವನನ್ನು ಕರೆದೊಯ್ದ.

“ಮರಳು,” ಎಂದ ಗುತ್ತಿಗೆದಾರ.

“ಮರಳಿನ ಮಗಳು. ಬೆಂಕಿಯಲ್ಲಿ ಹುಟ್ಟಿದಳು, ಹೆಂಗಸರ ಕೈಯಲ್ಲಿ ಕುಣಿದಳು. ಸತ್ತ ಮೇಲೆ ಹೂತರೆ ಕೊಳೆಯಳು. ಯಾರು?”

“ಗಾಜು. ಬಳೆಯ ಗಾಜು.” ಅವನು ಮೀಸೆ ತಿರುವಿದ.

“ತಾಯಿ ಹೊರೆ ಹೊತ್ತು ಸವೆದಿದ್ದಾಳೆ. ಮಗಳ ತಲೆಗೆ ಪೂರ್ತಿ ಹೊರಿಸಿದೆವು, ಕಟ್ಟಿದ್ದು ಬಿರಿಯಿತು. ಹೊರಿಸದಿದ್ದರೆ ತಾಯಿ ಉಳಿಯಳು. ಏನು ಮಾಡಬೇಕು?”

“ಬೇರೆ ಊರಿಂದ ತಾಯಿಯನ್ನು ತರಿಸಬೇಕು.”

“ತರಿಸಿ ತರಿಸಿ ಸಾಕಾಗಿದೆ,” ಎಂದಳು ಅಮ್ಮಣ್ಣಿ. ಅವನನ್ನೂ ಕರೆದೊಯ್ದರು.

ತಳವಾರ ಮರಳಿ ಬಂದು ಮಾಳಿಂಗನ ಪಕ್ಕ ನಿಂತ. “ಬೇಗ ಹೇಳಪ್ಪ. ನನ್ನ ಸೊಂಟ ಹಿಡಿದುಕೊಂಡಿದೆ.”

“ಮೊದಲೆರಡು ಆತ ಹೇಳಿದ್ದೇ. ಮರಳು, ಗಾಜು,” ಎಂದ ಮಾಳಿಂಗ. “ಮೂರನೆಯದಕ್ಕೆ, ಮಗಳು ಒಂದು ಪಾಲು ಹೊರಲಿ ಅಮ್ಮಣ್ಣಿ. ಗಾರೆಗೆ ನಾಲ್ಕು ಬುಟ್ಟಿ ಮರಳು ಹಾಕೋ ಕಡೆ ಮೂರು ಹಾಕಿ. ಒಂದು ಬುಟ್ಟಿ ಗಾಜಿನ ಪುಡಿ. ನುಣ್ಣಗಿರಬೇಕು.”

“ನಿನಗೆ ಯಾರು ಹೇಳಿದರು?”

“ಎಮ್ಮೆ ನೀರು ಕುಡಿಯೋ ಬಾನಿ. ಮರಳೇ ಇಲ್ಲದೆ ಬರೀ ಗಾಜಿನ ಚೂರು ಹಾಕಿ ಕಟ್ಟಿದೆ. ಬಿರಿಯಿತು, ಎಮ್ಮೆ ನಾಲಿಗೆ ಕುಯ್ದುಕೊಂಡಿತು. ಆಮೇಲೆ ಅವ್ವನ ರಾಗಿ ಕಲ್ಲಲ್ಲಿ ಬೀಸಿ, ಮರಳಿಗೆ ಬೆರೆಸಿ ನೋಡಿದೆ. ಕಲ್ಲು ಕೆಟ್ಟಿತು. ಅವ್ವ ಇನ್ನೂ ಸರಿಯಾಗಿ ಮಾತಾಡಲ್ಲ. ಬಾನಿ ನಿಂತಿದೆ. ನೀರಿಲ್ಲ, ಅಷ್ಟೇ.”

ಅಮ್ಮಣ್ಣಿ ಅವನ ಚೀಲದಿಂದ ಒಂದು ಬಳೆ ಚೂರು ತೆಗೆದು ನೋಡಿದಳು. “ಬರೀ ಗಾಜು ಹಾಕಿ ಬಿರಿದ ಸೇತುವೆ ಕಟ್ಟಿಸಿದ್ದು ನಾನು. ಏನು ಮಾಡಬಾರದು ಅಂತ ಗೊತ್ತು. ನೀನು ಹೇಳಿದ್ದು ಸರಿಯೋ ತಪ್ಪೋ ಗೊತ್ತಿಲ್ಲ. ಕಟ್ಟಿ ನೋಡೋಣ. ಅಲ್ಲಿಯವರೆಗೆ ನಿನ್ನ ತಲೆ ನನ್ನದು.”

ಗಾಜನ್ನು ಗಾಣದಲ್ಲಿ ಅರೆದರು. ಸುಣ್ಣ, ಜಲ್ಲಿ, ಮೂರು ಬುಟ್ಟಿ ಮರಳು, ಒಂದು ಬುಟ್ಟಿ ಗಾಜಿನ ಪುಡಿ ಕಲಸಿ ಕಂಬ ಎರೆದರು. ಅದು ಗಟ್ಟಿಯಾಗುವ ತನಕ ಮಾಳಿಂಗ ಸೆರೆಯಲ್ಲಿದ್ದ. ತಳವಾರ ದಿನವೂ ಗಂಜಿ ತಂದು, “ಇನ್ನೂ ಹಸಿ ಇದೆಯಪ್ಪ,” ಎಂದು ಹೇಳಿ ಹೋಗುತ್ತಿದ್ದ.

ಕೊನೆಗೆ ಕಂಬವನ್ನು ಮಲಗಿಸಿ ಆನೆ ಹತ್ತಿಸಿದರು. ಆನೆ ನಿಂತಿತು, ಇಳಿಯಿತು. ಕೂದಲೆಳೆಯಷ್ಟೂ ಬಿರುಕಿರಲಿಲ್ಲ.

“ಗಾಜಿನ ಚೂರು ಮರಳಿಗೆ ಹೊಂದದು, ಸುಣ್ಣವನ್ನೂ ಹಿಡಿಯದು,” ಎಂದ ಮಾಳಿಂಗ. “ಪುಡಿಯಾದರೆ ಹಿಡಿಯುತ್ತೆ. ಅದಕ್ಕೇ ನುಣ್ಣಗೆ ಅಂದದ್ದು.”

“ಏನು ಬೇಕು, ಕೇಳು.”

“ಮರಳಿನ ಗಾಡಿ ನಿಲ್ಲಿಸಿ.”

“ನಿನ್ನ ಲೆಕ್ಕದಲ್ಲೇ ಮೂರು ಬುಟ್ಟಿ ಬೇಕಲ್ಲ,” ಎಂದಳು ಅಮ್ಮಣ್ಣಿ. ದನಿಯಲ್ಲಿ ಕೊಂಕಿರಲಿಲ್ಲ. “ಮರಳು ತೆಗೆಯುವ ಊರು ನಾಲ್ಕಿವೆ. ಒಂದನ್ನು ಬಿಡುತ್ತೇನೆ. ಯಾವುದು ಹೇಳು.”

ಉಳಿದ ಮೂರು ಊರಿನ ತಿಪ್ಪೆಗಳಲ್ಲೂ ಅವನು ಗಾಜು ಆಯ್ದಿದ್ದ. ಅಲ್ಲಿಯ ಬತ್ತಿದ ಬಾವಿಗಳನ್ನೂ ನೋಡಿದ್ದ.

ತನ್ನೂರಿನ ಹೆಸರು ಹೇಳಿದ.

ಅಲ್ಲಿ ಗಾಡಿ ನಿಂತಿತು. ಉಳಿದ ಮೂರು ಊರಲ್ಲಿ ನಿಲ್ಲಲಿಲ್ಲ.