ಬಾವಿ ದಾರಿಯ ಕಲ್ಲುಗಳು

“ಗುರುಗಳೇ, ನನ್ನ ಯೋಜನೆಯಲ್ಲಿ ಎಲ್ಲವೂ ಇದೆ. ಆದರೂ ಮುಖ್ಯೋಪಾಧ್ಯಾಯರು ಅದನ್ನು ಹಿಂದಕ್ಕೆ ಕೊಟ್ಟು, ಏನೋ ಬಿಟ್ಟುಹೋಗಿದೆ, ಯೋಚಿಸು ಎಂದರು. ನಾನು ಏನು ಬಿಟ್ಟಿದ್ದೇನೆ?”

ಕೇಳಿದವನು ಹತ್ತನೆಯ ತರಗತಿಯ ವಿದ್ಯಾರ್ಥಿ. ಆ ವಸತಿಶಾಲೆಯಲ್ಲಿ ಕೊನೆಯ ವರ್ಷದ ಪ್ರತಿಯೊಬ್ಬರೂ ಒಂದು ಸ್ವಂತ ಕೆಲಸವನ್ನು ಯೋಚಿಸಿ, ಹಿರಿಯರ ಮುಂದಿಟ್ಟು ಒಪ್ಪಿಗೆ ಪಡೆದು, ಒಬ್ಬರೇ ಮಾಡಿ ಮುಗಿಸಬೇಕು. ಗುರುಗಳು ಅಲ್ಲಿಯೇ ಕಲಿತು, ಅಲ್ಲಿಯೇ ಕಲಿಸಿ, ಅಲ್ಲಿಯೇ ಮುದುಕರಾದವರು. ಹಳೆಯ ಅಡುಗೆಮನೆಯ ಜಗಲಿಯೇ ಈಗ ಅವರ ಜಾಗ. ಕಣ್ಣು ಮಂಜಾಗಿದ್ದರಿಂದ, “ನೀನೇ ಓದು, ಕೇಳೋಣ” ಎಂದರು.

ಶಿಷ್ಯ ಓದಿದ. ಒಂದನೆಯ ತರಗತಿಯ ಮಕ್ಕಳಿಗೆ ಪುಸ್ತಕದ ಕಪಾಟು ಮಾಡಿಕೊಡುವುದು ಅವನ ಕೆಲಸ. ಉದ್ದೇಶ, ವಿಧಾನ, ಬೇಕಾಗುವ ಹಲಗೆ, ಮೊಳೆ, ಬಣ್ಣ, ಎಲ್ಲವನ್ನೂ ಬರೆದಿದ್ದ. ಕಪಾಟಿನ ಎತ್ತರ ತನ್ನ ಭುಜದಷ್ಟು ಎಂದೂ ಬರೆದಿದ್ದ.

ಗುರುಗಳು ಮೀಸೆಯಲ್ಲೇ ನಕ್ಕರು. “ಕೂತುಕೋ, ಒಂದು ಕತೆ ಇದೆ” ಎಂದು ಹೇಳತೊಡಗಿದರು.

ಒಂದು ಶಾಲೆಯಲ್ಲಿ ಒಬ್ಬ ವಿದ್ಯಾರ್ಥಿ ಇದ್ದ. ಉದ್ದ ಕಾಲಿನ ಹುಡುಗ. ಅವನು ನಡೆದರೆ ಜೊತೆಯವರು ಓಡಬೇಕಾಗುತ್ತಿತ್ತು. ಆ ಶಾಲೆಯಲ್ಲಿ ಒಂದು ಪದ್ಧತಿ. ಕೊನೆಯ ವರ್ಷದವನು ಊಟದ ಪಂಕ್ತಿಯಲ್ಲಿ ಎದ್ದು ನಿಂತು, ತಾನು ಮಾಡಬೇಕೆಂದಿರುವ ಕೆಲಸವನ್ನು ಎಲ್ಲರೆದುರು ಹೇಳಬೇಕು. ಹೆಡ್ ಮಾಸ್ತರರು ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದರು, ಇದು ಆಗದಿದ್ದರೆ ಯಾರಿಗೆ ತೊಂದರೆ ಎಂದು. ಉತ್ತರ ಇಲ್ಲದವನು ಕೂತು ಊಟ ಮಾಡಿ, ಇನ್ನೊಂದು ದಿನ ಎದ್ದು ನಿಲ್ಲಬೇಕು. ನಕ್ಷತ್ರ ಎಣಿಸುತ್ತೇನೆ ಎಂದವರು, ನಾಡಿನ ಹಕ್ಕಿಗಳ ಹೆಸರನ್ನೆಲ್ಲ ಬರೆದಿಡುತ್ತೇನೆ ಎಂದವರು ಎಷ್ಟೋ ಸಲ ತೆಪ್ಪಗೆ ಕೂತು ಉಂಡಿದ್ದಾರೆ. ಹುಡುಗರಿಗೆ ಆಗಲೂ ದೊಡ್ಡ ಮಾತೇ ರುಚಿ.

ಆ ಶಾಲೆಗೆ ಅಡುಗೆ ಮಾಡಿ ಹಾಕುತ್ತಿದ್ದವಳು ಹಂಪವ್ವ ಎಂಬ ಗಿಡ್ಡ ಮುದುಕಿ. ಹೊಸದಾಗಿ ಸೇರಿದ ಹುಡುಗ ಮನೆಯ ನೆನಪಾಗಿ ಅಳುತ್ತ ಒಲೆಯ ಮುಂದೆ ಹೋಗಿ ಕೂತರೆ ಸಾಕು, ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಕೈಗೆ ಇಡುತ್ತಿದ್ದಳು. ಯಾಕೆ ಅಳುತ್ತೀ ಎಂದು ಕೇಳುತ್ತಿರಲಿಲ್ಲ. ಆ ರೊಟ್ಟಿಯ ಬಿಸಿ ಈಗಲೂ ನನ್ನ ಅಂಗೈಯಲ್ಲಿದೆ.

ಬರಬರುತ್ತ ಹಂಪವ್ವನ ಕಣ್ಣು ಮಂದವಾಯಿತು. ಒಲೆಯ ಮುಂದೆ ಅದರಿಂದ ತೊಂದರೆಯಾಗಲಿಲ್ಲ, ಕೈಗೆ ಎಲ್ಲ ಗೊತ್ತಿತ್ತು. ತೊಂದರೆ ಇದ್ದದ್ದು ಬಾವಿಯ ದಾರಿಯಲ್ಲಿ. ನಡುವೆ ಬಯಲು ಅಂಗಳ, ಹಿಡಿದು ನಡೆಯಲು ಗೋಡೆಯಿಲ್ಲ. ನೀರು ನಾವು ತರುತ್ತೇವೆ ಎಂದರೆ ಕೇಳುವವಳಲ್ಲ. ಅಡುಗೆಯ ನೀರನ್ನು ಅಡುಗೆಯವಳೇ ಸೇದಬೇಕು ಎಂಬುದು ಅವಳ ನೇಮ. ದಾರಿ ತಪ್ಪಿ ಮತ್ತೆ ಮತ್ತೆ ಬಿದ್ದಳು. ಆಡಳಿತದವರು ನೋಡಿ, ಯುಗಾದಿ ಕಳೆದ ಮೇಲೆ ಹಂಪವ್ವ ತನ್ನ ತಂಗಿಯ ಮಗಳ ಊರಿಗೆ ಹೋಗಿಬಿಡಲಿ ಎಂದು ತೀರ್ಮಾನಿಸಿದರು. ಅದು ಕಿವಿಗೆ ಬಿದ್ದ ದಿನ ಹಂಪವ್ವ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು. ನಾವು ಯಾರೂ ಹೇಳಲಿಲ್ಲ. ಸಪ್ಪೆ ಸಾರನ್ನೇ ಉಂಡು ಎದ್ದೆವು.

ಮರುದಿನ ಆ ವಿದ್ಯಾರ್ಥಿ ಪಂಕ್ತಿಯಲ್ಲಿ ಎದ್ದು ನಿಂತ. ಅಡುಗೆಮನೆಯಿಂದ ಬಾವಿಯವರೆಗೆ ಹೆಜ್ಜೆಗೊಂದರಂತೆ ಚಪ್ಪಟೆ ಕಲ್ಲು ಹುಗಿಯುತ್ತೇನೆ, ಕಲ್ಲು ಯಾವುದು ಮಣ್ಣು ಯಾವುದು ಎಂದು ಬರಿಗಾಲಿಗೆ ತಿಳಿಯುತ್ತದೆ, ಕಣ್ಣಿನ ಕೆಲಸವನ್ನು ಕಾಲು ಮಾಡುತ್ತದೆ ಎಂದ.

“ಇದು ಆಗಲಿಲ್ಲಂದ್ರ ಯಾರಿಗೆ ತ್ರಾಸು?” ಎಂದು ಹೆಡ್ ಮಾಸ್ತರರು ಕೇಳಿದರು.

“ಹಂಪವ್ವಗ್ರೀ. ಆಮ್ಯಾಲ ನಮಗೆಲ್ಲಾ.”

ಅವರು ಯುಗಾದಿಯವರೆಗೆ ಸಮಯ ಕೊಟ್ಟರು.

ಅವನು ಅಚ್ಚುಕಟ್ಟಾಗಿಯೇ ಯೋಜನೆ ಹಾಕಿದ. ಹಗ್ಗ ಕಟ್ಟಿ ದಾರಿಯನ್ನು ನೇರ ಮಾಡಿದ. ಹಳ್ಳದಿಂದ ಕಲ್ಲು ಆರಿಸಿ ತಂದ. ತಾನೇ ನಡೆದು, ತನ್ನ ಹೆಜ್ಜೆ ಬಿದ್ದಲ್ಲೆಲ್ಲ ಗುರುತು ಹಾಕಿ ಕಲ್ಲು ಹುಗಿದ. ಕಣ್ಣು ಕಟ್ಟಿಕೊಂಡು ಬಾವಿಯವರೆಗೆ ಹೋಗಿಬಂದ. ಒಂದು ಕಲ್ಲೂ ತಪ್ಪಲಿಲ್ಲ. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಹಂಪವ್ವ ನಮ್ಮಲ್ಲೊಬ್ಬನ ಕೈ ಹಿಡಿದು ಬಾವಿಗೆ ಬಂದಳು. ಮಣ್ಣಿನ ಕೊಡ ತುಂಬಿ ಸೊಂಟದ ಮೇಲಿಟ್ಟುಕೊಂಡು ಬಾವಿಯಿಂದ ಹೊರಟಳು. ಮೊದಲ ಕಲ್ಲು ಸಿಕ್ಕಿತು. ಎರಡನೆಯದನ್ನು ಹುಡುಕುತ್ತ ಕಾಲು ಚಾಚಿದಳು. ಸಿಗಲಿಲ್ಲ. ಇನ್ನಷ್ಟು ಚಾಚಿದಳು. ಆಯ ತಪ್ಪಿ ಬಿದ್ದಳು. ಕೊಡ ಒಡೆದು ಅಂಗಳದ ತುಂಬ ನೀರಾಯಿತು.

ವಿದ್ಯಾರ್ಥಿ ಓಡಿಹೋಗಿ ಎತ್ತಿ ಕೂರಿಸಿದ. ಹಂಪವ್ವ ಅವನ ತಲೆ ಸವರಿ, “ಕಲ್ಲು ಭಾಳ ಚಲೋ ಹಾಕೀಯಪ್ಪಾ. ನನ್ನ ಕಾಲೇ ಗಿಡ್ಡ ಅದಾವ, ಏನ್ ಮಾಡ್ಲಿ?” ಎಂದಳು.

ಅವನಿಗೆ ತಲೆ ಎತ್ತಲಾಗಲಿಲ್ಲ. ಹೆಡ್ ಮಾಸ್ತರರು ಕೊಡದ ಚೂರುಗಳನ್ನು ಆರಿಸುತ್ತ, “ಕೂಸಿನ ತಲಿ ನೋಡದ ಕುಲಾವಿ ಹೊಲದ್ಯಲ್ಲೋ ತಮ್ಮಾ” ಎಂದರು. ಯುಗಾದಿಗೆ ಇನ್ನೂ ಕೆಲವು ದಿನಗಳಿದ್ದವು.

ಅಂದಿನಿಂದ ಅವನು ತನ್ನ ಕಾಲಿನಿಂದ ಅಳೆಯುವುದನ್ನು ಬಿಟ್ಟ. ಬೆಳಿಗ್ಗೆ ಹೋಗಿ ಬಾವಿಕಟ್ಟೆಯ ಹತ್ತಿರ ಕೂರುತ್ತಿದ್ದ. ನೀರು ಸೇದುವಾಗ ಹಂಪವ್ವನ ಪಾದ ನೆನೆಯುತ್ತಿತ್ತು. ತುಂಬಿದ ಕೊಡ ಹೊತ್ತು ಅವಳು ನಡೆದಂತೆಲ್ಲ ಒಣ ನೆಲದ ಮೇಲೆ ಒದ್ದೆ ಹೆಜ್ಜೆ ಮೂಡುತ್ತಿತ್ತು. ಅವಳು ಬೀಳದ ಹಾಗೆ ನಾವು ಸರದಿಯ ಮೇಲೆ ಪಕ್ಕದಲ್ಲಿ ನಡೆಯುತ್ತಿದ್ದೆವು. ಅವನು ಹಿಂದೆ ಬಗ್ಗಿ ಬಂದು, ಬಿಸಿಲಿಗೆ ಆರುವುದರೊಳಗೆ ಒಂದೊಂದು ಹೆಜ್ಜೆಯಲ್ಲೂ ಒಂದೊಂದು ಹರಳು ಒತ್ತುತ್ತಿದ್ದ. ಅವಳ ದಾರಿ ನೇರವೂ ಆಗಿರಲಿಲ್ಲ, ಬೇವಿನ ನೆರಳಿನ ಕಡೆಗೆ ತುಸು ವಾಲುತ್ತಿತ್ತು. ಅವನೂ ವಾಲಿಸಿದ. ಹಳೆಯ ಕಲ್ಲುಗಳನ್ನೆಲ್ಲ ಕಿತ್ತು, ಹರಳಿದ್ದಲ್ಲಿ ಹುಗಿದ. ಮತ್ತಷ್ಟು ಕಲ್ಲಿಗಾಗಿ ಹಳ್ಳಕ್ಕೆ ಹೋಗಬೇಕಾಯಿತು.

ಯುಗಾದಿಯ ದಿನ ಹಂಪವ್ವ ಒಬ್ಬಳೇ ಬಾವಿಗೆ ಹೋಗಿ, ಕೊಡ ತುಂಬಿಕೊಂಡು ಒಬ್ಬಳೇ ಬಂದಳು. ಆಡಳಿತದವರು ಊರಿಗೆ ಕಳಿಸುವ ಮಾತನ್ನು ಮತ್ತೆ ಎತ್ತಲಿಲ್ಲ. ಅಂದು ಬೇವು ಬೆಲ್ಲ ಹಂಚುವಾಗ ಅವಳು ಆ ವಿದ್ಯಾರ್ಥಿಯ ಕೈಗೆ ಬರೀ ಬೆಲ್ಲ ಹಾಕಿದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಆಮೇಲೆ ಅಂಗಳದ ಕಡೆ ತಿರುಗಿ ಹೇಳಿದರು. “ಹಂಪವ್ವ ಕೊನೆಯವರೆಗೂ ನಮ್ಮ ನಡುವೆಯೇ ಇದ್ದಳು. ಆ ಗೆಳೆಯ ಈಗ ಎಲ್ಲಿದ್ದಾನೋ ತಿಳಿಯದು. ಬಾವಿಗೆ ಜಾಲರಿ ಬಿತ್ತು, ನೀರು ನಲ್ಲಿಯಲ್ಲಿ ಬರುತ್ತದೆ. ಅವನಿಟ್ಟ ಕಲ್ಲುಗಳನ್ನು ಆಗ ನಾವು ಎರಡೆರಡಾಗಿ ಹಾರಿ ಓಡುತ್ತಿದ್ದೆವು. ‘ಹುಡುಗರೇ, ನನ್ನ ದಾರಿ ತುಳೀಬ್ಯಾಡ್ರೋ’ ಎಂದು ಹಂಪವ್ವ ಒಳಗಿನಿಂದ ಕೂಗುತ್ತಿದ್ದಳು.”

ಶಿಷ್ಯ ತನ್ನ ಹಾಳೆಯನ್ನು ನೋಡಿದ. ಭುಜದ ಎತ್ತರ ಎಂದು ಬರೆದಲ್ಲಿ ಅವನ ಬೆರಳು ನಿಂತಿತು.

ಅಷ್ಟರಲ್ಲಿ ಸಂಜೆಯ ಪ್ರಾರ್ಥನೆಯ ಗಂಟೆಯಾಯಿತು. ಪ್ರಾರ್ಥನೆ ನಡೆಯುವುದು ಬಾವಿಯ ಪಕ್ಕದಲ್ಲಿ. ಶಿಷ್ಯ ಕೈ ಹಿಡಿಯಲು ಬಂದ. ಗುರುಗಳು ಬೇಡವೆಂದು ಚಪ್ಪಲಿ ಬಿಟ್ಟು ಅಂಗಳಕ್ಕೆ ಇಳಿದರು. ಬರಿಗಾಲು ಒಂದು ಕಲ್ಲನ್ನು ಮುಟ್ಟಿ ಕಂಡುಕೊಂಡಿತು. ಆಮೇಲೆ ಇನ್ನೊಂದನ್ನು. ಶಿಷ್ಯನೂ ದಿನವೂ ಎರಡೆರಡಾಗಿ ಹಾರುತ್ತಿದ್ದ ಕಲ್ಲುಗಳೇ ಅವು.

ದಾರಿ ಬೇವಿನ ಕಡೆಗೆ ವಾಲುವಲ್ಲಿ ಗುರುಗಳು ನಿಂತರು.

“ಆಗ ಇವು ನನ್ನ ಹೆಜ್ಜೆಗೆ ತೀರ ಹತ್ತಿರವಾಗಿದ್ದವು, ಈಗ ಸರಿಯಾಗಿವೆ.”